ವರ್ಲಿನ್ ಸ್ಟಿಡಮ್ ಮತ್ತು ಹದಿನೇಳು ಕಂದು ಕಾಳು

ವರ್ಲಿನ್ ಸ್ಟಿಡಮ್ ಮೂವತ್ತನಾಲ್ಕು ವರ್ಷ ನಮ್ಮ ಕೌಂಟಿಯ ಸ್ಕೂಲ್ ಬಸ್ಸುಗಳ ಹೊಟ್ಟೆ ಬಗೆದು ಹೊಲಿದವನು. ಬಸ್ಸು ಇನ್ನೂ ಗುಡ್ಡದ ಆ ಕಡೆ ಇರುವಾಗಲೇ ಗ್ಯಾರೇಜಿನ ಬಾಗಿಲಲ್ಲಿ ನಿಂತು, "ಹನ್ನೊಂದನೇ ನಂಬರು ಬರ್ತಾ ಇದೆ, ಮೂರನೇ ಸಿಲಿಂಡರ್ ಕೆಮ್ತಾ ಇದೆ" ಅನ್ನುತ್ತಿದ್ದ. ಐದು ನಿಮಿಷಕ್ಕೆ ಹನ್ನೊಂದನೇ ನಂಬರು ಬರುತ್ತಿತ್ತು, ಕೆಮ್ಮುತ್ತಲೇ. ನಮ್ಮೂರು ಲಿಕ್ ಫೋರ್ಕಿನಲ್ಲಿ ಯಾರ ಮಾತನ್ನು ಬೇಕಾದರೂ ಅನುಮಾನಿಸುತ್ತಿದ್ದರು, ವರ್ಲಿನ್‌ನ ಕಿವಿಯನ್ನು ಮಾತ್ರ ಇಲ್ಲ. ಅವನ ಕತೆ ಹೇಳುವಾಗ ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಅವನಿಗೆ ಕೈಕೊಟ್ಟವರ ಲೆಕ್ಕದಲ್ಲಿ ಆ ಕಿವಿಯೂ ಒಂದು.

ಅವನನ್ನು ಸಾಕಿದ್ದು ಅಕ್ಕ ಓಮಾ ಜೀನ್. ತಾಯಿ ಹೋದಾಗ ಅವನಿಗೆ ಐದು, ಅವಳಿಗೆ ಹದಿನಾರು. ಅಕ್ಕ ಶರ್ಟು ಹೊಲಿಯುವ ಕಾರ್ಖಾನೆಗೆ ಹೋಗಿ ಕಾಲರ್ ಹೊಲಿದಳು, ತಮ್ಮನನ್ನು ಹೈಸ್ಕೂಲು ದಾಟಿಸಿದಳು, ಭಾನುವಾರ ಚರ್ಚಿನಲ್ಲಿ ಹಾಡಿದಳು. ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ, ಮರ ಕೊಯ್ಯುವ ಮಿಲ್ಲಿನಲ್ಲಿದ್ದ ಗಂಡನ ಕೈಗೆ ಗಿಟಾರ್ ಕೊಟ್ಟು, ಬಾಡಿಗೆ ಸ್ಟುಡಿಯೋದಲ್ಲಿ ಒಂದೇ ಒಂದು ಗ್ರಾಮಫೋನ್ ತಟ್ಟೆ ಮುದ್ರಿಸಿಕೊಂಡಳು. ಮುನ್ನೂರು ಪ್ರತಿ. ಇನ್ನೂರ ಎಪ್ಪತ್ತನ್ನು ಆ ವರ್ಷವೇ ಹಳ್ಳ ನುಗ್ಗಿ ತೆಗೆದುಕೊಂಡು ಹೋಯಿತು. ಅವಳ ಹಾಡನ್ನು ಕೊಂಡವರಿಗಿಂತ ಮೀನುಗಳೇ ಹೆಚ್ಚು ಕೇಳಿರಬೇಕು.

ಹಾಡಿನ ಹೆಸರು 'ಮ್ಯಾಟಿ ತಿರುಗಿ ನೋಡಲಿಲ್ಲ'. ಮ್ಯಾಟಿ ಅಂದರೆ ಅವರಪ್ಪನ ಹೇಸರಗತ್ತೆ. ಟ್ರ್ಯಾಕ್ಟರ್ ಬಂದ ಮೇಲೆ ಅಪ್ಪ ಅದನ್ನು ಮಾರುತ್ತಾನೆ, ಕೊಂಡವನು ಹೊಡೆದುಕೊಂಡು ಹೋಗುತ್ತಾನೆ, ಮನೆಮಂದಿಯೆಲ್ಲ ತಿರುವಿನವರೆಗೂ ನೋಡುತ್ತ ನಿಲ್ಲುತ್ತಾರೆ. ಅದು ತಿರುಗಿ ನೋಡುವುದಿಲ್ಲ. ಇಷ್ಟೇ. ಎರಡು ನಿಮಿಷ ನಲವತ್ತು ಸೆಕೆಂಡು. ಕೇಳಿದವರು ಮನೆಗೆ ಹೋಗಿ ತಮ್ಮ ನಾಯಿಯ ತಲೆ ಸವರುತ್ತಿದ್ದರು.

ಇನ್ನು ನಮ್ಮ ಪಟ್ಟಿಯ ವಿಷಯ. ವಿಲ್ಮಾ ಡೀಟನ್ ಎಂಬಾಕೆಯ ದನದ ಮೇವಿನ ಅಂಗಡಿ ಇದೆ. ಅದರ ಹಿಂದಿನ ಕೋಣೆಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ನಾವು ಆರು ಜನ ಸೇರುತ್ತಿದ್ದೆವು. ವಿಲ್ಮಾ, ವರ್ಲಿನ್, ಅವನ ಜೀವದ ಗೆಳೆಯ ಕ್ಲೆಲ್ ಫ್ಯೂಗೇಟ್, ನಿವೃತ್ತ ಅಂಚೆಯವನಾದ ಎಸ್ಟಿಲ್, ಹಾರ್ಲಿಸ್ ನೋಬಲ್ ಎಂಬ ಬಾಯಿಬಡುಕ, ಮತ್ತೆ ನಾನು. ಯಾರೂ ಕೇಳಿರದ ಹಳ್ಳಿಗಾಡಿನ ಹಾಡುಗಳನ್ನು ಹುಡುಕಿ ತಂದು, ಕೇಳಿ, ಕಿತ್ತಾಡಿ, ಮೇಲುಕೆಳಗು ಮಾಡುವುದು ನಮ್ಮ ಕೆಲಸ. ರಾಗ ಎಷ್ಟಿತ್ತೋ ದ್ವೇಷವೂ ಅಷ್ಟೇ ಇತ್ತು. ಗೋಡೆಯ ಹಲಗೆಯಲ್ಲಿ ನಲವತ್ತು ಮೊಳೆ, ಮೊಳೆಗೊಂದು ಮರದ ಚೀಟಿ, ಚೀಟಿಯ ಮೇಲೆ ಹಾಡಿನ ಹೆಸರು. ಹೆಸರು ಬರೆಯುವ ಕೆಲಸ ನನ್ನದು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಗೆಣ್ಣಿಗೆ ಹೊಡೆದು ತಿದ್ದಿಸಿದ ಅಕ್ಷರ ಕೊನೆಗೆ ಹೇಸರಗತ್ತೆಯ ಸೇವೆಗೆ ಒದಗಿತು.

ಹಾಡು ಹೆಸರಾಗಿರಬಾರದು ಎನ್ನುವುದು ನಮ್ಮ ಕಟ್ಟುನಿಟ್ಟು. ಅದಕ್ಕೊಂದು ಪರೀಕ್ಷೆ ಇತ್ತು. ಯಾರಾದರೂ ಹೊಸ ಹಾಡು ತಂದರೆ, ವಿಲ್ಮಾ ಮುಂದಿನ ಕೋಣೆಗೆ ಹೋಗಿ ಕೋಳಿಕಾಳು ಕೊಳ್ಳಲು ಬಂದ ಮೊದಲ ಮೂರು ಗಿರಾಕಿಗಳ ಮುಂದೆ ಅದನ್ನು ಗುನುಗುತ್ತಿದ್ದಳು. ಒಬ್ಬ ಗುರುತು ಹಿಡಿದರೂ ಹಾಡು ಹೊರಗೆ. ವಿಲ್ಮಾ ಗುನುಗಿದರೆ ಹೆತ್ತ ತಾಯಿಯೂ ಜೋಗುಳ ಗುರುತು ಹಿಡಿಯಲಾರಳು ಎಂದು ಹಾರ್ಲಿಸ್ ಹೇಳುತ್ತಿದ್ದ. ಹಾಗಾಗಿ ನಮ್ಮ ಪಟ್ಟಿ ಎಂದೂ ಬಡವಾಗಲಿಲ್ಲ.

ಎರಡರಿಂದ ನಲವತ್ತರವರೆಗೆ ಅಂಕ ಕೂಡಿಸಿ ಜಾಗ ಕೊಡುತ್ತಿದ್ದೆವು. ಒಂದನೇ ಮೊಳೆ ಖಾಲಿಯೇ ಇತ್ತು, ಅದಕ್ಕೆ ಬೇರೆ ನಿಯಮ. ಫೆಬ್ರವರಿಯ ಮೊದಲ ಶನಿವಾರ, ಎರಡನೇ ಮೊಳೆಯಲ್ಲಿರುವ ಹಾಡನ್ನು ಮೇಲೇರಿಸಬಹುದೋ ಇಲ್ಲವೋ ಎಂದು ಗುಟ್ಟಿನ ಮತ. ಪ್ರತಿಯೊಬ್ಬರ ಕೈಗೂ ವಿಲ್ಮಾ ಒಂದು ಬಿಳಿ ಬೀನ್ಸ್ ಕಾಳು, ಒಂದು ಕಂದು ಕಾಳು ಕೊಡುತ್ತಾಳೆ. ಒಪ್ಪಿಗೆಯಿದ್ದವರು ಬಿಳಿಯದನ್ನು, ಇಲ್ಲದವರು ಕಂದನ್ನು ಕಾಫಿ ಡಬ್ಬಿಯ ಸೀಳಿನೊಳಗೆ ಬಿಡಬೇಕು. ಇನ್ನೊಂದು ಕಾಳು ಜೇಬಿಗೆ. ಬಂದವರೆಲ್ಲ ಬಿಳಿ ಹಾಕಿದರೆ ಮಾತ್ರ ಏರಿಕೆ. ಬರದವರಿಗೆ ಮತವಿಲ್ಲ. ಯಾರು ಏನು ಹಾಕಿದರೆಂದು ಕೇಳುವಂತಿಲ್ಲ, ಹೇಳುವಂತಿಲ್ಲ. ನಮ್ಮ ಊರಿನಲ್ಲಿ ಮತ ಎಂದರೆ ಯಾವ ಅರ್ಥದಲ್ಲೂ ಜಗಳವೇ ಆದ್ದರಿಂದ ಈ ಎಚ್ಚರ.

ಓಮಾ ಜೀನ್ ತೀರಿಕೊಂಡ ಮರುವರ್ಷ ವರ್ಲಿನ್ ತಟ್ಟೆಯನ್ನು ದಿಂಬಿನ ಚೀಲದಲ್ಲಿ ಸುತ್ತಿ ತಂದ. ಆ ವರ್ಷವೇ ಅದು ಎರಡನೇ ಮೊಳೆಗೆ ಬಂತು. ಮತಕ್ಕೆ ಹಾಕಿದೆವು. ಐದು ಬಿಳಿ, ಒಂದು ಕಂದು.

ಮರುವರ್ಷ ಐದು ಬಿಳಿ, ಒಂದು ಕಂದು. ಅದರ ಮರುವರ್ಷವೂ. ಹೀಗೆ ಹದಿನೇಳು ವರ್ಷ.

ಅಕ್ಕ ಬದುಕಿದ್ದಾಗ ಒಂದು ರೇಡಿಯೋ ನಿಲಯವೂ ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಈ ಒಂದು ಮೊಳೆಯಾದರೂ ಅವಳಿಗೆ ಸಿಗಲಿ ಎನ್ನುವುದು ವರ್ಲಿನ್‌ನ ಆಸೆ. ಬೇರೆ ಆಸೆ ಅವನಿಗೆ ಇದ್ದ ಹಾಗೆ ನನಗೆ ಕಾಣಲಿಲ್ಲ. ಮದುವೆಯಾಗಲಿಲ್ಲ, ಬೇಟೆಗೆ ಹೋಗಲಿಲ್ಲ, ಬಣ್ಣ ಹೋದ ಟ್ರಕ್ಕಿಗೆ ಬಣ್ಣ ಹೊಡೆಸಲಿಲ್ಲ.

ಆ ಕಂದು ಕಾಳು ಯಾರದು? ಹಾರ್ಲಿಸ್‌ನದು ಎಂದು ವರ್ಲಿನ್‌ಗೆ ಖಾತ್ರಿಯಿತ್ತು. ಮೊದಲ ದಿನ ತಟ್ಟೆ ನಿಂತ ಕೂಡಲೇ ಹಾರ್ಲಿಸ್ ಅಂದಿದ್ದ: "ಗಿಟಾರ್ ಬಾರಿಸ್ತಿದಾನೋ ಮರ ಕೊಯ್ತಿದಾನೋ?" ಓಮಾಳ ಗಂಡನ ಕಸುಬೇ ಅದಾದ್ದರಿಂದ ನಾವು ನಕ್ಕೆವು. ವರ್ಲಿನ್ ನಗಲಿಲ್ಲ.

ಮತದ ದಿನ ಮನೆಗೆ ಹೋಗುವಾಗ ಟ್ರಕ್ಕಿನಲ್ಲಿ ಕ್ಲೆಲ್ ಅವನ ಪಕ್ಕ ಕೂತು ಸಮಾಧಾನ ಮಾಡುತ್ತಿದ್ದ. ಕ್ಲೆಲ್‌ಗೆ ಕಣ್ಣು ಮಂಜಾಗಿ ಲೈಸೆನ್ಸ್ ಹೋಗಿತ್ತು, ಶನಿವಾರ ಶನಿವಾರ ತನ್ನ ದಾರಿಯಲ್ಲದಿದ್ದರೂ ಅವನನ್ನು ಕರೆತಂದು ಬಿಡುತ್ತಿದ್ದವನು ವರ್ಲಿನ್. "ಆ ಹಾರ್ಲಿಸ್‌ಗೆ ಎದೆಯಿರೋ ಜಾಗದಲ್ಲಿ ಕಲ್ಲಿದೆ ಕಣೋ. ಮುಂದಿನ ವರ್ಷ ನೋಡೋಣ ಬಿಡು. ನನ್ನ ಬಿಳಿ ಕಾಳಂತೂ ಸಾಯೋವರೆಗೂ ನಿನ್ನದೇ" ಎನ್ನುತ್ತಿದ್ದ. ಇಬ್ಬರೂ ಸೇರಿ ಏಳು ಮೈಲಿ ಹಾರ್ಲಿಸ್‌ನನ್ನು ಬೈದುಕೊಂಡು ಹೋಗುತ್ತಿದ್ದರಂತೆ. ಏಳು ಮೈಲಿ ಗುಡ್ಡದ ದಾರಿಗೆ ಬೈಗುಳ ಬಹಳ ಬೇಕು.

ಬೈಗುಳ ಟ್ರಕ್ಕಿನಲ್ಲೇ ಉಳಿಯಲಿಲ್ಲ. ಒಂದು ಚಳಿಗಾಲ ವರ್ಲಿನ್‌ನ ಟ್ರಕ್ಕು ಹಿಮದಲ್ಲಿ ಸತ್ತು ನಿಂತಿತ್ತು. ಹಾರ್ಲಿಸ್ ನಿಲ್ಲಿಸಿ ಬ್ಯಾಟರಿಗೆ ಕೇಬಲ್ ಕೊಡಹೋದ. "ಬೇಡ" ಎಂದು ವರ್ಲಿನ್ ಮೂರು ಮೈಲಿ ನಡೆದ. ಐದು ವರ್ಷದ ಹಿಂದೆ ಹಾರ್ಲಿಸ್‌ನ ಹೆಂಡತಿ ಹೋದಳು. ನಮ್ಮಲ್ಲಿ ಸಾವಿನ ಮನೆಗೆ ವೈರಿಯೂ ಒಂದು ಪಾತ್ರೆ ಅಡಿಗೆ ತೆಗೆದುಕೊಂಡು ಹೋಗುತ್ತಾನೆ. ಆ ಮನೆಯ ಮೇಜಿನ ಮೇಲೆ ನಲವತ್ತು ಪಾತ್ರೆಗಳಿದ್ದವು. ವರ್ಲಿನ್‌ನದು ಇರಲಿಲ್ಲ.

ಆಮೇಲೆ ಈ ಫೆಬ್ರವರಿ ಬಂತು. ಮತದ ಹಿಂದಿನ ದಿನ ಕ್ಲೆಲ್‌ನ ಪಿತ್ತಕೋಶ ಕೈಕೊಟ್ಟು, ಪಟ್ಟಣದ ಆಸ್ಪತ್ರೆಯಲ್ಲಿ ಅದನ್ನು ತೆಗೆದುಹಾಕಿದರು. ಅರಿವಳಿಕೆ ಪೂರ್ತಿ ಇಳಿಯುವ ಮೊದಲೇ ಅವನು ವಿಲ್ಮಾಳ ಅಂಗಡಿಗೆ ಫೋನ್ ಮಾಡಿಸಿದ: "ಮತ ಒಂದು ವಾರ ಮುಂದೂಡಿ. ನಾನಿಲ್ಲದೇ ಹಾಕ್ಬೇಡಿ. ದಯವಿಟ್ಟು."

ವರ್ಲಿನ್‌ನ ಕಣ್ಣು ತೇವವಾಯಿತು. "ಹೊಟ್ಟೆ ಕುಯ್ಸಿಕೊಂಡು ಮಲಗಿದ್ರೂ ನಮ್ಮಕ್ಕನ ಹಾಡಿಂದೇ ಚಿಂತೆ ನೋಡ್ರಿ ಅವನಿಗೆ" ಎಂದ.

"ನಿಯಮ ಅಂದ್ರೆ ನಿಯಮ" ಎಂದಳು ವಿಲ್ಮಾ. "ನಂಗೆ ಹೆರಿಗೆಯಾದಾಗ್ಲೇ ಮುಂದೂಡ್ಲಿಲ್ಲ ನೀವುಗಳು. ಪಿತ್ತಕೋಶಕ್ಕೆ ಮುಂದೂಡ್ತೀರಾ?"

ಡಬ್ಬಿ ಸುತ್ತು ಹಾಕಿತು. ವಿಲ್ಮಾ ಮೇಜಿನ ಮೇಲೆ ಕವುಚಿದಳು. ಬಿಳಿ, ಬಿಳಿ, ಬಿಳಿ, ಬಿಳಿ, ಬಿಳಿ. ಡಬ್ಬಿಯ ತಳ ಬಡಿದು ನೋಡಿದಳು. ಇನ್ನೇನೂ ಬೀಳಲಿಲ್ಲ.

ಎಸ್ಟಿಲ್ ಮೇಜು ಗುದ್ದಿ ಕೂಗಿದ. ನಾನು ಸ್ಟೂಲು ಹತ್ತಿ ಚೀಟಿಯನ್ನು ಒಂದನೇ ಮೊಳೆಗೆ ಹಾಕಿದೆ. ಎಂದೂ ಭಾರ ಹೊರದ ಮೊಳೆ. ವರ್ಲಿನ್ ಎದ್ದು ನಿಂತಿದ್ದ, ಬಾಯಿ ತುಂಬ ನಗುತ್ತಿದ್ದ. ಆ ನಗು ಹಾಗೆಯೇ ಸ್ವಲ್ಪ ಹೊತ್ತು ಮುಖದ ಮೇಲಿತ್ತು, ಅದರ ಹಿಂದಿನ ಮನುಷ್ಯ ಅಲ್ಲಿರಲಿಲ್ಲ. ಗುಡ್ಡದಾಚೆಯ ಎಂಜಿನ್ನಿಗೆ ಕಿವಿಕೊಡುವಾಗ ಅವನು ಹಾಗೇ ನಿಲ್ಲುತ್ತಿದ್ದ.

"ಹಾರ್ಲಿಸ್" ಎಂದ. ನನಗೆ ಗೊತ್ತಿದ್ದಂತೆ ಎಷ್ಟೋ ವರ್ಷದಲ್ಲಿ ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಈ ವರ್ಷ ಯಾಕೆ ಮನಸ್ಸು ಬದಲಾಯ್ಸಿದೆ?"

"ಬದಲಾಯ್ಸೋಕೆ ಏನಿದೆ? ಮೊದಲ ವರ್ಷದಿಂದ್ಲೂ ಬಿಳೀದೇ ಹಾಕಿದ್ದು."

"ಮರ ಕೊಯ್ದಂಗಿದೆ ಅಂದಿದ್ದೆ."

"ಗಿಟಾರ್‌ಗೆ ಅಂದೆ. ಹಾಡಿಗೆ ಅಂದ್ನಾ?" ಹಾರ್ಲಿಸ್ ಸುತ್ತ ನೋಡಿದ. ನಮ್ಮೆಲ್ಲರ ಮುಖದಲ್ಲೂ ಅವನಿಗೆ ಏನೋ ಕಂಡಿರಬೇಕು. ಅವನ ದನಿ ಇಳಿಯಿತು. "ಓ. ಅದಾ ವಿಷಯ? ಕಂದು ಕಾಳು ನಾನು ಹಾಕ್ತೀನಿ ಅಂದ್ಕೊಂಡಿದ್ರಾ ಎಲ್ರೂ? ನನ್ನ ಹೆಂಡ್ತಿ ಸತ್ತಾಗ ಇವನ್ಯಾಕೆ ಬರ್ಲಿಲ್ಲ ಅಂತ ಐದು ವರ್ಷದಿಂದ ತಲೆ ಕೆಡಿಸ್ಕೊಂಡಿದೀನಿ. ಒಂದು ಕಾಳಿಗಾ?"

ಪ್ರತಿವರ್ಷ ಮತದ ನಂತರ ವಿಲ್ಮಾ ಬೀನ್ಸ್ ಸಾರು, ಜೋಳದ ರೊಟ್ಟಿ, ಹೆಚ್ಚಿದ ಈರುಳ್ಳಿ ಬಡಿಸುತ್ತಾಳೆ. ಆವತ್ತು ಬಟ್ಟಲಲ್ಲಿದ್ದ ಕಂದು ಕಾಳುಗಳನ್ನು ತಿನ್ನಲು ಯಾರಿಗೂ ಮನಸ್ಸಾಗಲಿಲ್ಲ. ವರ್ಲಿನ್ ಟೋಪಿ ಎತ್ತಿಕೊಂಡು ಹೊರಟ. ವಿಲ್ಮಾ ನನ್ನ ಕೈಗೆ ಒಂದು ಡಬ್ಬಿ ಸಾರು ತುರುಕಿ, "ರೋಗಿಗೆ ಅಂತ ಹೇಳಿ ಜೊತೆಗೆ ಹೋಗಿ. ಇವನೊಬ್ಬನೇ ಹೋಗೋದು ಬೇಡ" ಎಂದಳು. ಪಿತ್ತಕೋಶ ತೆಗೆಸಿಕೊಂಡವನಿಗೆ ಬೀನ್ಸ್ ಸಾರು ಕೊಡಬಾರದೆಂದು ಅವಳಿಗೂ ಗೊತ್ತಿತ್ತು.

ಕ್ಲೆಲ್ ದಿಂಬಿಗೊರಗಿ ಕೂತಿದ್ದ. ನಮ್ಮನ್ನು ಕಂಡು ಕೈಯೆತ್ತಿದ.

"ಏನಾಯ್ತೋ?"

"ಗೆದ್ವಿ. ಐದಕ್ಕೆ ಐದು."

ಕ್ಲೆಲ್ ಕಿಟಕಿಯ ಕಡೆ ನೋಡಿದ. ಅಲ್ಲಿ ಕಾರು ನಿಲ್ಲಿಸುವ ಅಂಗಳ ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ. "ಒಳ್ಳೇದಾಯ್ತು ಬಿಡು" ಎಂದ.

"ಮುಂದೂಡಿ ಅಂದ್ಯಲ್ಲ."

"ಜೊತೇಲಿರೋಣ ಅಂತ."

"ಜೊತೇಲಿದ್ದಿದ್ರೆ ಎಷ್ಟಾಗ್ತಿತ್ತು ಕ್ಲೆಲ್? ಆರಕ್ಕೆ ಆರಾ, ಆರಕ್ಕೆ ಐದಾ?"

"ನಗಿಸ್ಬೇಡ ಮಾರಾಯ, ಹೊಲಿಗೆ ಬಿಚ್ಚುತ್ತೆ."

"ನಗಿಸ್ತಾ ಇಲ್ಲ ನಾನು."

ಸಾರಿನ ಡಬ್ಬಿ ಹಿಡಿದು ನಾನು ಬಾಗಿಲ ಹತ್ತಿರವೇ ನಿಂತೆ. ಕ್ಲೆಲ್ ಹೊದಿಕೆಯ ಅಂಚನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ.

"ಎರಡನೇ ಚರಣದಲ್ಲಿ ಅವಳು ಶ್ರುತಿ ಬಿಡ್ತಾಳೆ ವರ್ಲಿನ್. ಬೇಲಿ ಮೇಲೆ ಹಗ್ಗ ಹಾಗೇ ಉಳೀತು ಅನ್ನೋ ಕಡೆ. ಮೇಲೆ ಹೋಗ್ಬೇಕು, ಹೋಗಲ್ಲ. ಒಂದು ಕೂದಲಷ್ಟು ಕೆಳಗೇ ನಿಲ್ತಾಳೆ. ನಂಗೆ ಪ್ರತಿ ಸಲ ಹಲ್ಲಿಗೆ ಮರಳು ಸಿಕ್ಕಿದ ಹಾಗಾಗುತ್ತೆ. ಒಂದನೇ ಮೊಳೆ ಅದಕ್ಕಲ್ಲ ಅನ್ನಿಸ್ತು. ಡಬ್ಬೀಲಿ ಸುಳ್ಳು ಹೇಳೋಕಾಗ್ಲಿಲ್ಲ ನಂಗೆ."

"ನಂಗೆ ಹೇಳ್ಬಹುದಿತ್ತಲ್ಲ."

"ಮೊದಲ ವರ್ಷ ಹೇಳೋಣ ಅಂತಿದ್ದೆ. ಅವಳು ಹೋಗಿ ಎಂಟು ತಿಂಗಳಾಗಿತ್ತು. ನೀನು ಸ್ಟೇರಿಂಗ್ ಹಿಡ್ಕೊಂಡು ಅಳ್ತಿದ್ದೆ. ಹೇಳ್ಲಾ ಆವಾಗ?"

"ಎರಡನೇ ವರ್ಷ?"

"ಹೇಳಿದ್ರೆ, ಹೋದ ವರ್ಷ ಯಾಕೆ ಸುಳ್ಳು ಹೇಳ್ದೆ ಅಂತಿದ್ದೆ."

"ಹತ್ತನೇ ವರ್ಷ?"

"ಹತ್ತನೇ ವರ್ಷಕ್ಕೆ ಅಭ್ಯಾಸ ಆಗಿಹೋಗಿತ್ತು" ಎಂದ ಕ್ಲೆಲ್. ಸುಳ್ಳುಗಾರನೊಬ್ಬ ಅಷ್ಟು ಪ್ರಾಮಾಣಿಕವಾಗಿ ಮಾತಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ವರ್ಲಿನ್ ಹಾಸಿಗೆಯ ಕಾಲಬದಿಯ ಕಂಬಿ ಹಿಡಿದುಕೊಂಡ. "ಕಾಳು ಹೋಗ್ಲಿ ಬಿಡು. ಹಾರ್ಲಿಸ್ ಹೆಸರು ಮೊದಲು ಎತ್ತಿದ್ದು ಯಾರು? ನಾನಾ, ನೀನಾ?"

ಕ್ಲೆಲ್ ಮತ್ತೆ ಹೊದಿಕೆಯ ಅಂಚಿಗೆ ಕೈ ಹಾಕಿದ.

"ಯಾರಿರ್ಬಹುದು ಅಂತ ನಾನು ಕೇಳ್ದೆ. ನೀನು ಹೆಸರು ಕೊಟ್ಟೆ."

"ಯಾರದೋ ಒಂದು ಹೆಸರು ಕೊಡ್ಲೇಬೇಕಿತ್ತಲ್ಲೋ. ಬಾಯಿಗೆ ಬಂದಿದ್ದು ಅದು."

"ಅವನ ಹೆಂಡ್ತೀನ ಮಣ್ಣು ಮಾಡೋವಾಗ ನಾನು ಮನೇಲಿ ಕೂತು ನಿನ್ನ ಜೊತೆ ಚೆಕರ್ಸ್ ಆಡಿದೆ. ಹೋಗ್ಬೇಕಿತ್ತೇನೋ ಅಂದೆ ನಾನು. ಬೇಡ ಕೂತ್ಕೋ ಅಂದೆ ನೀನು."

"ವರ್ಲಿನ್..."

"ಡಬ್ಬಿಗೆ ನಿಜ ಹೇಳ್ದೆ. ನಂಗೆ ಸುಳ್ಳು ಹೇಳ್ದೆ. ಶನಿವಾರ ಶನಿವಾರ ಮನೆಗೆ ಬಿಡ್ತಿದ್ದಿದ್ದು ಡಬ್ಬೀನಾ?"

ಅಷ್ಟು ಹೇಳಿ ಹೊರಟುಬಿಟ್ಟ. ನಾನು ಸಾರನ್ನು ಮೇಜಿನ ಮೇಲಿಡಬೇಕೋ ಬೇಡವೋ ತಿಳಿಯದೆ ವಾಪಸು ತಂದೆ. ನನ್ನನ್ನು ಇಳಿಸುವಾಗ ವರ್ಲಿನ್, "ನಿಮಗೆ ಯಾವತ್ತಾದ್ರೂ ಕೇಳಿಸಿದೆಯಾ, ಆ ಬೇಲಿ ಹತ್ರ?" ಎಂದ.

"ಇಲ್ಲ" ಎಂದೆ. ನಿಜವಾಗಿಯೂ ಕೇಳಿಸಿರಲಿಲ್ಲ. ನನ್ನ ಕಿವಿ ಕನ್ನಡಕದ ಕಡ್ಡಿ ಹೊರುವುದಕ್ಕಷ್ಟೇ ಲಾಯಕ್ಕು.

"ನಂಗೂ ಇಲ್ಲ" ಎಂದ.

ಮರುದಿನ ಚರ್ಚಿಗೆ ಅವನು ಬರಲಿಲ್ಲ. ಬೆಳಿಗ್ಗೆಯೆಲ್ಲ ತಟ್ಟೆ ಹಾಕಿಕೊಂಡು ಕೂತಿದ್ದನೆಂದು ಆಮೇಲೆ ನನಗೆ ಅವನೇ ಹೇಳಿದ. ಮೊದಲ ಸಲ ಏನೂ ಕೇಳಿಸಲಿಲ್ಲವಂತೆ. ಕ್ಲೆಲ್ ಇದರಲ್ಲೂ ಸುಳ್ಳು ಹೇಳಿದ್ದಾನೆ ಎಂದು ಖುಷಿಯಾಯಿತಂತೆ. ಎರಡನೇ ಸಲ ಅನುಮಾನ. ಮೂರನೇ ಸಲ, ಬೇಲಿ ಬರುವುದಕ್ಕೆ ಮೊದಲೇ ಮೈ ಬಿಗಿಹಿಡಿದು ಕಾದ. ಕೇಳಿಸಿತು. ಓಮಾ ಜೀನ್ ಮೇಲೇರಲು ಹೋಗಿ ಕೂದಲಷ್ಟು ಕೆಳಗೇ ನಿಂತಳು.

"ಇಪ್ಪತ್ತು ಸಲ ಹಾಕ್ದೆ. ಈಗ ಹಾಡು ಕೇಳ್ಸೋದೇ ಇಲ್ಲ ನಂಗೆ, ಅದೊಂದು ಜಾಗ ಮಾತ್ರ ಕೇಳ್ಸುತ್ತೆ. ನಲವತ್ತು ವರ್ಷ ಸಾವಿರಾರು ಸಲ ಕೇಳಿದೀನಿ. ಕೆಟ್ಟ ಸಿಲಿಂಡರ್ ಒಂದು ಮೈಲಿ ದೂರದಿಂದ ಹಿಡೀತಿದ್ದೆ. ಇದನ್ನ ಹೇಗೆ ಬಿಟ್ಟೆ?"

ಅಕ್ಕನ ಹಾಡು ಕೇಳುವಾಗ ಯಾರು ಸಿಲಿಂಡರ್ ಹುಡುಕುತ್ತಾರೆ ಎಂದು ಹೇಳಿದೆ. ಅವನಿಗೆ ಅದರಿಂದ ಏನೂ ಸಮಾಧಾನವಾಗಲಿಲ್ಲ.

ಆ ವಾರವೇ ಅವನು ಹಾರ್ಲಿಸ್‌ನ ಮನೆಗೆ ಹೋದ. ಬೇಯಿಸಿದ ಆಲೂಗೆಡ್ಡೆ, ಚೀಸು ಹಾಕಿದ ಪಾತ್ರೆಯನ್ನು ಐದು ವರ್ಷ ತಡವಾಗಿ ಹಿಡಿದುಕೊಂಡು ಹೋದ. ಹಾರ್ಲಿಸ್ ಬಾಗಿಲಲ್ಲೇ ಪಾತ್ರೆ ಇಸಿದುಕೊಂಡನಂತೆ. "ಒಳಗೆ ಬಾ ಅನ್ಬೇಕು ನಾನು. ಇವತ್ತು ಆಗಲ್ಲ. ಇನ್ನೊಂದಿನ ಅಂತೀನಿ" ಎಂದು ಬಾಗಿಲು ಮುಚ್ಚಿದನಂತೆ. ಆಮೇಲೆ ಪಾತ್ರೆಯನ್ನು ತೊಳೆದು ವಿಲ್ಮಾಳ ಅಂಗಡಿಯಲ್ಲಿ ಕೊಟ್ಟು ಹೋಗಿದ್ದ.

ಮೂರು ವಾರ ಕಳೆದು ಕ್ಲೆಲ್ ಬಂದ. ವರ್ಲಿನ್‌ನ ಟ್ರಕ್ಕಿನಲ್ಲೇ ಬಂದ. ರಸ್ತೆ ಬದಿಯ ತನ್ನ ಅಂಚೆ ಡಬ್ಬಿಯ ಹತ್ತಿರ ಎಂದಿನ ಹೊತ್ತಿಗೆ ನಿಂತಿದ್ದನಂತೆ, ವರ್ಲಿನ್ ಎಂದಿನ ಹಾಗೆ ನಿಲ್ಲಿಸಿದನಂತೆ. ಏಳು ಮೈಲಿಯಲ್ಲಿ ಒಂದು ಮಾತೂ ಆಗಿರಲಿಲ್ಲ ಎನ್ನುವುದು ಇಬ್ಬರ ಮುಖದಲ್ಲೂ ಬರೆದಿತ್ತು.

ನಾವು ಕೂತ ಮೇಲೆ ವರ್ಲಿನ್ ಎದ್ದು ಹಲಗೆಯ ಕೆಳಗೆ ನಿಂತ. "ಒಂದನೇ ಮೊಳೆಗೆ ಮತ್ತೆ ಮತ ಹಾಕ್ಬೇಕು" ಎಂದ.

"ಆಗಿಹೋಗಿದ್ಯಲ್ಲೋ" ಎಂದಳು ವಿಲ್ಮಾ. "ನಿಯಮದ ಪ್ರಕಾರಾನೇ ಆಯ್ತು."

"ಒಬ್ಬನ ಪಿತ್ತಕೋಶ ಕೆಟ್ಟಿದ್ದಕ್ಕೆ ಸಿಕ್ಕಿದ ಜಾಗ ನಮ್ಮಕ್ಕನಿಗೆ ಬೇಡ. ಎಲ್ರೂ ಇದೀರ ಇವತ್ತು. ಕಾಳು ಬೇಡ, ಡಬ್ಬಿ ಬೇಡ. ಕೈ ಎತ್ತಿ."

ಎಸ್ಟಿಲ್ ಗೊಣಗಿದ, ಗುಟ್ಟು ಗುಟ್ಟಾಗಿರಬೇಕು, ಅದಕ್ಕೇ ಇಷ್ಟು ವರ್ಷ ನಡೆದದ್ದು ಎಂದ. ಹಾರ್ಲಿಸ್ ಅವನ ಮಾತು ಮುಗಿಯುವ ಮೊದಲೇ ಕೈ ಎತ್ತಿದ, ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ ನೆಟ್ಟಗೆ. ವಿಲ್ಮಾ ಎತ್ತಿದಳು. ನಾನು ಎತ್ತಿದೆ. ಗೊಣಗುತ್ತಲೇ ಎಸ್ಟಿಲ್ ಎತ್ತಿದ.

ಕ್ಲೆಲ್‌ನ ಎರಡೂ ಕೈ ಮಂಡಿಯ ಮೇಲಿದ್ದವು. ಬಲಗೈ ಸ್ವಲ್ಪ ಮೇಲೆದ್ದಿತು.

"ಬೇಡ" ಎಂದ ವರ್ಲಿನ್. "ಈಗ ಎತ್ಬೇಡ."

ಕೈ ಇಳಿಯಿತು.

ಆಗ ನಾವೆಲ್ಲ ವರ್ಲಿನ್‌ನ ಕಡೆ ನೋಡಿದೆವು. ಅವನ ಕೈ ಪ್ಯಾಂಟಿನ ಪಕ್ಕದಲ್ಲಿ ಹಾಗೇ ಇತ್ತು. ಎತ್ತುತ್ತಾನೆ ಎಂದು ಕಾದೆವು. ಮುಂದಿನ ಕೋಣೆಯಲ್ಲಿ ಯಾರೋ ಗಿರಾಕಿ ಬಂದು ವಿಲ್ಮಾಳನ್ನು ಕೂಗಿ, ಕಾದು, ಮತ್ತೆ ಕೂಗಿದ.

"ವರ್ಲಿನ್, ನಿಂದು ಎತ್ತೋ" ಎಂದಳು ವಿಲ್ಮಾ ಮೆಲ್ಲಗೆ.

"ಗೊತ್ತು."

"ನಿಮ್ಮಕ್ಕನ ಹಾಡು ಕಣೋ."

"ಗೊತ್ತು ಅಂದ್ನಲ್ಲ." ಅವನು ಯಾರ ಮುಖವನ್ನೂ ನೋಡಲಿಲ್ಲ. "ಬೇಲಿ ಹತ್ರ ಶ್ರುತಿ ಬಿಡ್ತಾಳೆ."

ಕ್ಲೆಲ್ ತಟ್ಟನೆ ಎದ್ದ. ಹೊಟ್ಟೆ ಹಿಡಿದುಕೊಂಡೇ ಎದ್ದ. "ಸುಮ್ನೆ ಹೇಳ್ದೆ ಕಣೋ ಆವತ್ತು! ಔಷಧಿ ಮತ್ತಲ್ಲಿದ್ದೆ. ಅಲ್ಲೇನೂ ಇಲ್ಲ. ದೇವರಾಣೆಗೂ ಅಲ್ಲೇನೂ ಇಲ್ಲ."

"ಮತ್ತೆ ಶುರು ಮಾಡ್ಬೇಡ ಕ್ಲೆಲ್" ಎಂದ ವರ್ಲಿನ್. ಆಮೇಲೆ ನನ್ನ ಕಡೆ ತಿರುಗಿ, "ಎರಡಕ್ಕೆ ಇಳಿಸಿ" ಎಂದ.

ಸ್ಟೂಲು ಹತ್ತಿ ಚೀಟಿ ಇಳಿಸಿದೆ. ನಾನೇ ಬರೆದ ಚಂದದ ಅಕ್ಷರ. ಆವತ್ತು ಬೇರೆ ಯಾವ ಹಾಡನ್ನೂ ಹಾಕಲಿಲ್ಲ.

ಹೊರಗೆ ಅಂಗಳದಲ್ಲಿ ಕ್ಲೆಲ್ ಅಭ್ಯಾಸಬಲದಿಂದ ವರ್ಲಿನ್‌ನ ಟ್ರಕ್ಕಿನ ಬಾಗಿಲ ಹತ್ತಿರ ಹೋಗಿ ನಿಂತಿದ್ದ. ವರ್ಲಿನ್ ಹಾರ್ಲಿಸ್‌ನ ಬಳಿಗೆ ನಡೆದ.

"ಕ್ಲೆಲ್‌ನ ಮನೆಗೆ ಬಿಡ್ತೀಯಾ?"

"ನನ್ನ ದಾರಿ ಅಲ್ವಲ್ಲ ಅದು" ಎಂದ ಹಾರ್ಲಿಸ್.

"ನಂದೂ ಅಲ್ಲ."

ಹಾರ್ಲಿಸ್ ತನ್ನ ಟ್ರಕ್ಕಿನ ಬಾಗಿಲು ತೆಗೆದು, ಪಕ್ಕದ ಸೀಟಿನ ಮೇಲಿದ್ದ ನಾಯಿಯ ತಿನಿಸಿನ ಮೂಟೆಗಳನ್ನು ಒಂದೊಂದಾಗಿ ಹಿಂದಕ್ಕೆ ಎಸೆದು ಜಾಗ ಮಾಡತೊಡಗಿದ. ಅವನು ಮುಗಿಸುವಷ್ಟರಲ್ಲಿ ವರ್ಲಿನ್ ಹೊರಟುಹೋಗಿದ್ದ.